"ನಾ ಎಳೀಲೇನ್ರಿ?"

"ಟೀಚರ್, ನಾ ಒಂದ್ಸಲ ಎಳೀಲೇನ್ರಿ?"

ಮಂಗಳವಾರದಿಂದ ಈ ಮಾತು ತಲೆಯಲ್ಲೇ ಕೂತಿದೆ. ಒಂಬತ್ತನೇ ತರಗತಿ, ವೃತ್ತಗಳ ಪಾಠ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ. ಪ್ರೊಜೆಕ್ಟರ್ ಹಚ್ಚಿ, ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೃತ್ತ ಬರೆದು, ವ್ಯಾಸದ ಎರಡೂ ತುದಿಗಳನ್ನು ಪರಿಧಿಯ ಮೇಲಿನ ಒಂದು ಬಿಂದುವಿಗೆ ಸೇರಿಸಿದ್ದೆ. ಮೇಲಿನ ಅರ್ಧದಲ್ಲಿ ಆ ಬಿಂದುವನ್ನು ಎತ್ತ ಎಳೆದರೂ ಕೋನ 90 ಡಿಗ್ರಿ. ಮಕ್ಕಳು ನೋಡಿದರು, ತಲೆಯಾಡಿಸಿದರು. ಆಗ ಆ ಹುಡುಗಿ ಎದ್ದು ನಿಂತಳು. ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದವಳು.

ಮೌಸ್ ಕೊಟ್ಟೆ. ಅವಳು ಬಿಂದುವನ್ನು ನೇರ ವ್ಯಾಸ ದಾಟಿಸಿ ಕೆಳಗೆ ಎಳೆದಳು. ಪರದೆಯ ಮೇಲೆ 270!

"ಕೆಡಿಸಿದ್ಲು ಟೀಚರ್!" ಹುಡುಗರ ಗದ್ದಲ. ಅವಳು ಮೌಸ್ ಬಿಡಲಿಲ್ಲ. ಮೇಲೆ ಎಳೆದಳು, 90. ಕೆಳಗೆ, 270. ಮತ್ತೆ ಮೇಲೆ, ಮತ್ತೆ ಕೆಳಗೆ. ತುಟಿ ಕಚ್ಚಿಕೊಂಡು ನೋಡಿ ಹೇಳಿದಳು: "ಇದು ಹೊರಗಿನ ಕೋನ ಅಳ್ಯಾಕತ್ತೈತ್ರಿ. ಎರಡೂ ಕೂಡಿಸಿದ್ರ 360 ಆಗ್ತೈತಿ ನೋಡ್ರಿ."

ಹೌದು. ಆ ತಂತ್ರಾಂಶ ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ. 180ರ ಒಳಗೇ ತೋರಿಸು ಎಂದು ಸೆಟ್ಟಿಂಗ್ ಬದಲಿಸಬಹುದು. ಬದಲಿಸದೆ ಇದ್ದದ್ದೇ ಒಳ್ಳೆಯದಾಯಿತು. ಪಠ್ಯಪುಸ್ತಕ ಕೇಳದ ಪ್ರಶ್ನೆಯೊಂದು ಹುಟ್ಟಿತು, ಅದಕ್ಕೆ ಉತ್ತರವನ್ನೂ ಅವಳೇ ಕಂಡುಕೊಂಡಳು. ಹಿಂದೆಯೇ ಇನ್ನೊಬ್ಬ ಕೇಳಿದ: "ಯಾವಾಗ್ಲೂ 90 ಯಾಕ್ರಿ?" ಪ್ರೊಜೆಕ್ಟರ್ ಆರಿಸಿ ಸೀಮೆಸುಣ್ಣ ಹಿಡಿದೆ. ಬಿಂದುವನ್ನು ಕೇಂದ್ರಕ್ಕೆ ಸೇರಿಸಿದರೆ ಎರಡು ಸಮದ್ವಿಬಾಹು ತ್ರಿಭುಜಗಳು. ಮುಂದಿನದನ್ನು ಮಕ್ಕಳೇ ಹೇಳಿದರು.

ಅದೇ ವಾರ ಶಾಲೆಗೆ ಅಧಿಕಾರಿಯೊಬ್ಬರು ಬಂದಿದ್ದರು. ಸಜ್ಜನರು, ಶಾಲೆಯ ಬಗ್ಗೆ ಕಾಳಜಿ ಇರುವವರು. ಆದರೆ ಅವರು ಕೇಳಿದ್ದು ಸ್ಮಾರ್ಟ್ ಕ್ಲಾಸ್ ಎಷ್ಟು ಪೀರಿಯಡ್ ನಡೆಯಿತು, ಫೋಟೋ ತೆಗೆದಿದ್ದೀರಾ ಎಂದು. ಹುಡುಗಿಯ ವಿಷಯ ಹೇಳಿದೆ. "ಮಕ್ಕಳ ಕೈಗೆ ಯಾಕ್ ಕೊಡ್ತೀರಿ ಮೇಡಂ, ಕೆಟ್ರ ಯಾರು ಹೊಣೆ?" ಅಂದರು. ಅವರೊಬ್ಬರನ್ನೇ ದೂರಿ ಫಲವಿಲ್ಲ. ಲ್ಯಾಪ್‌ಟಾಪ್ ಸ್ಟಾಕ್ ರಿಜಿಸ್ಟರಿನಲ್ಲಿದೆ, ಕಳೆದರೆ ಕೆಟ್ಟರೆ ಹೆಡ್‌ಮಾಸ್ಟರು ಉತ್ತರ ಕೊಡಬೇಕು. ಆ ಹೆದರಿಕೆಗೆ ಎಷ್ಟೋ ಶಾಲೆಗಳಲ್ಲಿ ಉಪಕರಣಗಳು ಬೀರುವಿನಲ್ಲೇ ಮುಪ್ಪಾಗುತ್ತವೆ.

ಮುಟ್ಟದೆ ಬರೀ ಪರದೆ ನೋಡುವ ಈ ಚಟ ಹಳೆಯದು. 1975-76ರಲ್ಲಿ ಉಪಗ್ರಹದ ಮೂಲಕ ದೇಶದ 2400 ಹಳ್ಳಿಗಳಿಗೆ ಪಾಠದ ಟಿವಿ ಬಂದಾಗ ನಮ್ಮ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳೂ ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂತು. ಈಗ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿ ವಿಡಿಯೊ ತೆರೆಯುತ್ತದೆ. ಒಳ್ಳೆಯ ಶಿಕ್ಷಕರಿಲ್ಲದ ಊರಿಗೆ ಇವೆಲ್ಲ ದೊಡ್ಡ ಆಸರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಅಂದಿನಿಂದ ಇಂದಿನವರೆಗೆ ಮಗು ಕೈಕಟ್ಟಿ ಕೂತು ನೋಡುತ್ತಲೇ ಇದೆ. ಜಿಯೋಜೀಬ್ರಾ ಹಾಗಲ್ಲ. 2001ರಲ್ಲಿ ಆಸ್ಟ್ರಿಯಾದ ಮಾರ್ಕಸ್ ಹೊಹೆನ್ವಾರ್ಟರ್ ಶುರು ಮಾಡಿದ್ದು, ಶಾಲೆಗೆ ಉಚಿತ, ಇಳಿಸಿಕೊಂಡರೆ ಇಂಟರ್‌ನೆಟ್ ಕೂಡ ಬೇಡ. ಎಳೆದು, ಹಿಗ್ಗಿಸಿ, ಕೆಡಿಸಿ ನೋಡುವುದಕ್ಕೇ ಇರುವಂಥದ್ದು. ಅದನ್ನೂ ಟೀಚರೇ ಎಳೆಯುತ್ತಿದ್ದರೆ ಅದೂ ಸಿನಿಮಾನೇ.

ಮಕ್ಕಳು ಎಳೆಯತೊಡಗಿದರೆ ಪಾಠ ನಿಧಾನವಾಗುತ್ತದೆ, ಪೋರ್ಷನ್ ಹಿಂದೆ ಬೀಳುತ್ತದೆ. ನಿಜ. ಅದಕ್ಕೇ ಮುಂದಿನ ತರಬೇತಿಯಲ್ಲಿ ಎರಡು ಮಾತು ಕೇಳಬೇಕೆಂದಿದ್ದೇನೆ. ಮಕ್ಕಳು ಬಳಸುವಾಗ ಕೆಟ್ಟ ಮೌಸು, ಕೇಬಲ್ಲುಗಳನ್ನು ಶಾಲೆಯ ಅನುದಾನದಲ್ಲೇ ರಿಪೇರಿ ಮಾಡಿಸಲು ಲಿಖಿತ ಅನುಮತಿ ಕೊಡಿ. ವರದಿಯ ನಮೂನೆಯಲ್ಲಿ ಪೀರಿಯಡ್ ಲೆಕ್ಕದ ಪಕ್ಕ ಇನ್ನೊಂದು ಕಾಲಂ ಹಾಕಿ: ಇವತ್ತು ಎಷ್ಟು ಮಕ್ಕಳು ಮೌಸ್ ಹಿಡಿದರು?