ಮಾಜಿ ಸೈನಿಕರ ಸಂದರ್ಶನದಲ್ಲಿ ಕೇಳಲೇಬೇಕಾದ ಪ್ರಶ್ನೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನೇಮಕಾತಿ ನನ್ನ ಕೆಲಸ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರು ನಮ್ಮದು; ಸುತ್ತಲಿನ ಹಳ್ಳಿಗಳಿಂದ ಮಿಲಿಟರಿಗೆ ಹೋದವರು ಬಹಳ. 2022ಕ್ಕೆ ಮೊದಲು ಸೇರಿದ ಸಿಪಾಯಿಗೆ 15 ವರ್ಷ ಸೇವೆಯಾದರೆ ಪಿಂಚಣಿ. ಹಾಗಾಗಿ ಎಷ್ಟೋ ಜನ ನಲವತ್ತು ತುಂಬುವ ಮೊದಲೇ ಊರಿಗೆ ಮರಳುತ್ತಾರೆ. ಮಕ್ಕಳು ಇನ್ನೂ ಸಾಲಿಗೆ ಹೋಗುತ್ತಿರುತ್ತಾರೆ, ದುಡಿಮೆ ಬೇಕೇ ಬೇಕು. ಕೆಲಸ ಕೇಳಿಕೊಂಡು ಬಂದವರಿಗೆ ಸಿಗುವುದು ಮಾತ್ರ ಗೇಟಿನ ಡ್ಯೂಟಿ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದಕ್ಕೊಂದು ಕಾರಣ ಸಂದರ್ಶನದಲ್ಲೇ ಇದೆ. "ನೀವೇನು ಮಾಡ್ತಿದ್ರಿ?" ಎಂದರೆ ಅವರು "ನಮ್ಮ ಪಲ್ಟನ್ ಅಲ್ಲಿತ್ತು, ಇಲ್ಲಿತ್ತು" ಎನ್ನುತ್ತಾರೆ. ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳುವುದು ಅವರ ರೂಢಿಯಲ್ಲಿಲ್ಲ. ಕೇಳುವವರಿಗೆ ಇವರಿಗೇನೂ ಬರುವುದಿಲ್ಲ ಅನಿಸಿಬಿಡುತ್ತದೆ. ಅದಕ್ಕೇ ನಾನು ಅವರ ಸೇವಾ ವಿವರವಿರುವ ಡಿಸ್ಚಾರ್ಜ್ ಬುಕ್ ತೆಗೆದು, ಅದರಲ್ಲಿರುವ ಟ್ರೇಡ್ (ಸೇನೆಯಲ್ಲಿ ಮಾಡುತ್ತಿದ್ದ ಕೆಲಸದ ಬಗೆ) ನೋಡಿ, "ನಿಮ್ಮ ಸಹಿ ಎದರ ಮ್ಯಾಲೆ ಬೀಳ್ತಿತ್ತು?" ಎಂದು ಕೇಳುತ್ತೇನೆ.

ಹುಕ್ಕೇರಿ ಕಡೆಯ ಹವಾಲ್ದಾರರೊಬ್ಬರು ಇದಕ್ಕೆ ಕೊಟ್ಟ ಉತ್ತರ: "ಕೋತ್ ನನ್ನ ಕಡೆ ಇತ್ರಿ ಮೇಡಂ. ಹತಿಯಾರ ಇಡೂ ಕೋಲಿ. ಮುಂಜಾನೆ ಎಣಸೂದು, ಸಂಜೀಕ ಎಣಸೂದು. ಸಹಿ ಇಲ್ದ ಒಂದೂ ಹೊರಗ ಹೋಗೂದಿಲ್ಲ."

ನಮಗೆ ಬೇಕಾಗಿದ್ದುದು ಇಂಥವರೇ. ಎರಕದ ಅಚ್ಚು ಮೂಡಿಸಲು ಬಳಸುವ ಮಾದರಿಗಳಿಗೆ ಪ್ಯಾಟರ್ನ್ ಎನ್ನುತ್ತೇವೆ; ಅವುಗಳಲ್ಲಿ ಬಹಳಷ್ಟು ಗಿರಾಕಿಗಳ ಸ್ವತ್ತು. ಒಂದರ ಕೋರ್ ಬಾಕ್ಸ್ (ಎರಕದೊಳಗಿನ ಟೊಳ್ಳು ಭಾಗಕ್ಕೆ ಬೇಕಾದ ಅಚ್ಚುಪೆಟ್ಟಿಗೆ) ಎಲ್ಲೋ ಸೇರಿಕೊಂಡರೆ ಮೋಲ್ಡಿಂಗ್, ಅಂದರೆ ಅಚ್ಚು ಮಾಡುವ ಕೆಲಸ, ನಿಲ್ಲುತ್ತದೆ. ಅವರನ್ನು ಪ್ಯಾಟರ್ನ್ ಸ್ಟೋರಿಗೆ ಹಾಕಿದೆವು. ಈಗ ಯಾವ ಪ್ಯಾಟರ್ನ್ ಯಾರ ಕೈಯಲ್ಲಿದೆ, ಯಾವ ಸ್ಥಿತಿಯಲ್ಲಿ ವಾಪಸ್ ಬಂತು, ಎಲ್ಲ ರಿಜಿಸ್ಟರಿನಲ್ಲಿದೆ.

ಕೆಲಸ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಶಾಪ್‌ಫ್ಲೋರಿನಲ್ಲಿ "ನೋಡ್ಕೊಂಡು ಮಾಡ್ರಿ" ಎಂಬ ಮಾತು ಸಾಮಾನ್ಯ. ಯಾರು ಹೇಳಿದ್ದು, ಎಷ್ಟೊತ್ತಿಗೆ ಬೇಕು, ಮುಗಿದ ಮೇಲೆ ಯಾರಿಗೆ ತಿಳಿಸಬೇಕು ಎಂಬುದು ಸ್ಪಷ್ಟವಿಲ್ಲದಿದ್ದರೆ ಇವರಿಗೆ ಕಸಿವಿಸಿ. ಮೊದಲ ತಿಂಗಳುಗಳಲ್ಲಿ ಒಬ್ಬರೇ ಮೇಲ್ವಿಚಾರಕರು ಕೆಲಸ ಹೇಳಬೇಕೆಂದು ನಿಯಮ ಮಾಡಿದ್ದೇವೆ. ಇಪ್ಪತ್ತೈದರ ಡಿಪ್ಲೊಮಾ ಹುಡುಗ ಅವರನ್ನು ಹೆಸರು ಹಿಡಿದು ಕೂಗುವುದೂ ನಿಂತಿದೆ. "ಹವಾಲ್ದಾರ್ ಸಾಹೇಬ್ರ" ಎನ್ನುತ್ತಾನೆ. ನವೆಂಬರಿನಲ್ಲಿ ಪಿಂಚಣಿಗೆ ಬೇಕಾದ ಜೀವನ ಪ್ರಮಾಣಪತ್ರಕ್ಕೆ, ಆಗಾಗ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಆಸ್ಪತ್ರೆಗೆ ಅವರು ಹೋಗಬೇಕಾಗುತ್ತದೆ. ರಜೆಗೆ ತಕರಾರು ಮಾಡುವುದಿಲ್ಲ.

ಮುಂದೆ ಬರುವವರು ಇನ್ನೂ ಎಳೆಯರು. 2022ರ ಅಗ್ನಿಪಥ ಯೋಜನೆಯಡಿ ಸೇರಿದವರ ಸೇವೆ 4 ವರ್ಷ, ಶೇ. 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಅವರನ್ನು ಮೋಲ್ಡಿಂಗ್, ಮಷೀನ್ ಶಾಪ್‌ಗಳಲ್ಲಿ ತರಬೇತಿಗೆ ತೆಗೆದುಕೊಳ್ಳೋಣ ಎಂದು ಮಾಲೀಕರಿಗೆ ಬರೆದುಕೊಟ್ಟಿದ್ದೇನೆ. ನಮ್ಮ ಅರ್ಜಿ ನಮೂನೆಯಲ್ಲಿ ಸೇನೆಯ ಟ್ರೇಡ್ ಮತ್ತು ಹೊತ್ತ ಹೊಣೆ ಬರೆಯಲು ಈಗಾಗಲೇ ಜಾಗ ಬಿಟ್ಟಿದ್ದೇವೆ. ಉದ್ಯಮಬಾಗ, ಮಚ್ಛೆಯ ಬೇರೆ ಕಾರ್ಖಾನೆಯವರು ಆ ನಮೂನೆ ಬೇಕೆಂದರೆ ಕೇಳಿ, ಕೊಡುತ್ತೇನೆ.