ಲೇಬಲ್ಲಿನ ಮೇಲಿನ ಎರಡು ಹೆಸರು

ಅಮೆರಿಕದ ಮೆಂಫಿಸ್‌ಗೆ ಹೋಗುವವರಲ್ಲಿ ಹೆಚ್ಚಿನವರು ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡ್ ನೋಡಲೆಂದೇ ಹೋಗುತ್ತಾರೆ. ನಾನೂ ನೋಡಿದೆ. ಛಾವಣಿಗೂ ಹಸಿರು ಕಾರ್ಪೆಟ್ ಹೊದಿಸಿದ ಅಲ್ಲಿಯ ‘ಜಂಗಲ್ ರೂಮ್’ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಯೂನಿಯನ್ ಅವೆನ್ಯೂದ 706ನೆಯ ನಂಬರಿನಲ್ಲಿರುವ ಸನ್ ಸ್ಟುಡಿಯೊ ಮಾತ್ರ ಮನಸ್ಸಿಗೆ ಬಂತು. ಇಷ್ಟು ಚಿಕ್ಕ ಕೋಣೆಯಲ್ಲಿ 1954ರಲ್ಲಿ ಎಲ್ವಿಸ್‌ನ ಮೊದಲ ರೆಕಾರ್ಡು, 1957ರಲ್ಲಿ ಜೆರ್ರಿ ಲೀ ಲೂಯಿಸ್‌ನ ‘ಗ್ರೇಟ್ ಬಾಲ್ಸ್ ಆಫ್ ಫೈರ್’ ಹುಟ್ಟಿದವೆಂದರೆ ನಂಬುವುದೇ ಕಷ್ಟ. ಆದರೆ ಈ ಎರಡನೆಯ ಹಾಡನ್ನು ಬರೆದ ಓಟಿಸ್ ಬ್ಲ್ಯಾಕ್‌ವೆಲ್‌ನ ಹೆಸರು ನನ್ನೊಡನೆ ಅಲ್ಲಿ ಸುತ್ತಿದವರಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಹಾಡು ಹಾಕುವ ಮುನ್ನ ರಚನೆ, ಸಂಗೀತ, ಗಾಯನ ಎಂದು ಮೂವರ ಹೆಸರನ್ನೂ ಹೇಳುತ್ತಿದ್ದ ಆಕಾಶವಾಣಿಯನ್ನು ಕೇಳಿ ಬೆಳೆದ ನನಗೆ ಇದು ಕಸಿವಿಸಿಯಾಯಿತು.

ಆ ಹೆಸರು ಸಿಕ್ಕಿದ್ದು ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ. ಎಲ್ವಿಸ್‌ನ ‘ಡೋಂಟ್ ಬಿ ಕ್ರೂಯಲ್’ ಇದ್ದ, ಅಂಚು ಸವೆದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಯೊಂದನ್ನು ಎತ್ತಿಕೊಂಡೆ. ಅದರ ಕಪ್ಪು ಲೇಬಲ್ಲಿನ ಮೇಲೆ ಗ್ರಾಮಫೋನಿಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿತ್ತು. ಹಾಡಿನ ಹೆಸರಿನ ಕೆಳಗೆ ಆವರಣದೊಳಗೆ, ಸಣ್ಣ ಅಕ್ಷರಗಳಲ್ಲಿ, ಬ್ಲ್ಯಾಕ್‌ವೆಲ್ ಮತ್ತು ಪ್ರೀಸ್ಲಿ ಎಂಬ ಎರಡು ಹೆಸರುಗಳಿದ್ದವು. ಗಲ್ಲಾದ ಹಿಂದಿದ್ದ ಹಿರಿಯರು ಕನ್ನಡಕದ ಮೇಲಿನಿಂದ ನೋಡಿ, “ಇಬ್ಬರೂ ಕೂತು ಬರೆದರೆಂದು ನೀವೂ ನಂಬಿದ್ದೀರಾ?” ಎಂದರು. ಆಮೇಲೆ ಆ ಮಧ್ಯಾಹ್ನ ನಾನು ಬೇರೆಲ್ಲಿಗೂ ಹೋಗಲಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ದರ್ಜಿ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಕಪ್ಪು ಯುವಕ ಬ್ಲ್ಯಾಕ್‌ವೆಲ್ 1955ರ ಕ್ರಿಸ್‌ಮಸ್ ಹಿಂದಿನ ದಿನ ಆರು ಹಾಡುಗಳನ್ನು ತಲಾ 25 ಡಾಲರಿಗೆ ಪ್ರಕಾಶಕರಿಗೆ ಮಾರಿದ್ದ. ‘ಡೋಂಟ್ ಬಿ ಕ್ರೂಯಲ್’ ಅವುಗಳಲ್ಲೊಂದು. ಎಲ್ವಿಸ್ ಹಾಡಬೇಕಾದರೆ ರಚನೆಯ ಹೆಸರಿನಲ್ಲೂ ಹಣದಲ್ಲೂ ಅವನಿಗೆ ಅರ್ಧ ಪಾಲು ಬಿಟ್ಟುಕೊಡಬೇಕಾಯಿತು. 1956ರಲ್ಲಿ ಆ ತಟ್ಟೆ ಹನ್ನೊಂದು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು.

“ಹಾಗಾದರೆ ಅವನಿಗೆ ಮೋಸವಾಯಿತಲ್ಲವೇ?” ಎಂದು ಕೇಳಿದೆ.

“ದುಡ್ಡಿನ ಮಾತು ಬಿಡಿ, ಅರ್ಧ ಪಾಲಾದರೂ ಅವನಿಗೆ ಬಂತು. ಇದನ್ನು ಕೇಳಿ,” ಎಂದ ಅವರು ಬ್ಲ್ಯಾಕ್‌ವೆಲ್ ತಾನೇ ಬರೆದು 1953ರಲ್ಲಿ ಹಾಡಿದ್ದ ‘ಡ್ಯಾಡಿ ರೋಲಿಂಗ್ ಸ್ಟೋನ್’ ಹಾಕಿದರು. ಪದವನ್ನು ಗಂಟಲಲ್ಲಿ ಒಂದು ಗಳಿಗೆ ತಡೆದು ಬಿಡುವ ಆ ದನಿಯಲ್ಲಿ, ಎಲ್ವಿಸ್ ಇನ್ನೂ ಹಾಡುಗಾರನೇ ಆಗಿರದ ಕಾಲದಲ್ಲಿ, ನನ್ನ ಕಿವಿಗೆ ಎಲ್ವಿಸ್ ಕೇಳಿಸಿದ. ಹೊಸ ಹಾಡು ಹೇಗಿರಬೇಕೆಂದು ತೋರಿಸಲು ಬ್ಲ್ಯಾಕ್‌ವೆಲ್ ತಾನೇ ಹಾಡಿ ಡೆಮೊ ಮಾಡಿ ಕಳಿಸುತ್ತಿದ್ದನೆಂದೂ ಎಲ್ವಿಸ್ ಅದರ ಎಳೆತ, ತಡೆತಗಳನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸಿದನೆಂದೂ ಹಿರಿಯರು ವಿವರಿಸಿದರು. ‘ಆಲ್ ಷುಕ್ ಅಪ್’, ‘ರಿಟರ್ನ್ ಟು ಸೆಂಡರ್’ ಕೂಡ ಬ್ಲ್ಯಾಕ್‌ವೆಲ್‌ನ ಕೈಯಿಂದ ಬಂದವೇ. ಇಷ್ಟಾಗಿಯೂ ಅವರಿಬ್ಬರು ಒಮ್ಮೆಯೂ ಭೇಟಿಯಾಗಲಿಲ್ಲ. ‘ಫೀವರ್’ ಹಾಡಿಗಂತೂ ಬ್ಲ್ಯಾಕ್‌ವೆಲ್ ಇನ್ನೊಬ್ಬರೊಡನೆ ಮಾಡಿಕೊಂಡಿದ್ದ ಕರಾರಿನ ಕಾರಣ ಜಾನ್ ಡೇವನ್‌ಪೋರ್ಟ್ ಎಂಬ ಬೇರೆ ಹೆಸರಿನಲ್ಲಿ ಸಹಿ ಹಾಕಬೇಕಾಯಿತು. ಪೆಗ್ಗಿ ಲೀ ಹಾಡಿದ ‘ಫೀವರ್’ ಹೆಚ್ಚು ಪ್ರಸಿದ್ಧವಾದರೂ ಅದಕ್ಕೂ ಮೊದಲು 1956ರಲ್ಲಿ ಲಿಟಲ್ ವಿಲ್ಲಿ ಜಾನ್ ಹಾಡಿದ್ದೇ ನನಗೆ ಮೇಲೆನಿಸುತ್ತದೆ, ಹಿರಿಯರು ಒಪ್ಪಲಿಲ್ಲ.

 

ಬ್ಲ್ಯಾಕ್‌ವೆಲ್ ಕೊನೆಯ ವರ್ಷಗಳನ್ನು ಕಳೆದದ್ದು ನ್ಯಾಶ್‌ವಿಲ್ ನಗರದಲ್ಲಿ. 1991ರಲ್ಲಿ ಪಾರ್ಶ್ವವಾಯು ಬಡಿಯಿತು. 2002ರ ಮೇ ತಿಂಗಳಲ್ಲಿ ತೀರಿಕೊಂಡ. ಈ ಸಂಗೀತದ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2010ರಲ್ಲಿ. ಎಂಟು ವರ್ಷ ತಡವೆಂದು ಯಾರಾದರೂ ಲೆಕ್ಕ ಹಾಕಿದರೆ ನಾನು ಒಪ್ಪುವುದಿಲ್ಲ. ಆ ಸಂಸ್ಥೆ 1986ರ ತನ್ನ ಮೊದಲ ಸಾಲಿನಲ್ಲೇ ಎಲ್ವಿಸ್‌ನನ್ನೂ ಜೆರ್ರಿ ಲೀ ಲೂಯಿಸ್‌ನನ್ನೂ ಸೇರಿಸಿಕೊಂಡಿತ್ತು, ಆಗ ಬ್ಲ್ಯಾಕ್‌ವೆಲ್ ಬದುಕಿದ್ದ, ಹಾಡಬಲ್ಲವನೂ ಆಗಿದ್ದ.