ಡಿಸೆಂಬರ್ ಬಂದರೆ ನಿಮಗೆ ಖುಷಿ ಅಲ್ವಾ?

ನವೆಂಬರ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಗುವವರು ಕೇಳುತ್ತಾರೆ. ಹಾಲಿನ ಬೂತಿನ ಹುಡುಗ ಕೇಳುತ್ತಾನೆ. ‘ಮಗಳು ಬರ್ತಾರಂತಲ್ಲ ಮೇಡಂ, ಈ ಸಲ ಎಷ್ಟು ದಿನ ಇರ್ತಾರೆ? ಡಿಸೆಂಬರ್ ಬಂದ್ರೆ ನಿಮಗೆ ಖುಷಿ ಅಲ್ವಾ?’ ಹೌದಪ್ಪ ಅಂತ ಹೇಳಿ ಮುಂದೆ ಹೋಗುತ್ತೇನೆ. ರಸ್ತೆಯಲ್ಲಿ ನಿಂತು ಹೇಳಿ ಮುಗಿಸುವಂಥ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದೆ. 31 ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿಕೊಟ್ಟೆ. ಈಗ ನಿವೃತ್ತಳಾಗಿದ್ದೇನೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರೇ. ಒಬ್ಬಳೇ ಮಗಳು. ಅವಳು ಅಮೆರಿಕಕ್ಕೆ ಹೋಗಿ 11 ವರ್ಷವಾಯಿತು.

ನನ್ನ ಚಿಕ್ಕಂದಿನಲ್ಲಿ ಡಿಸೆಂಬರ್ ರಜೆ ಅನ್ನುವುದೇ ಇರಲಿಲ್ಲ. ದಸರಾ ರಜೆ ಇತ್ತು, ಬೇಸಿಗೆ ರಜೆ ಇತ್ತು. ಕ್ರಿಸ್ಮಸ್‌ಗೆ ಒಂದು ದಿನ ಸ್ಕೂಲು ಇರುತ್ತಿರಲಿಲ್ಲ, ಅಷ್ಟೇ. ನಮ್ಮ ಕಡೆ ಡಿಸೆಂಬರ್ ಅಂದರೆ ಕೆಲಸದ ತಿಂಗಳು. ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು. ಹೊಲದಲ್ಲಿ ರಾಗಿ ಕೊಯ್ದು ಮೆದೆ ಒಟ್ಟಬೇಕು. ಕಣ ಸಾರಿಸಬೇಕು. ಎತ್ತುಗಳಿಗೆ ರೋಣಗಲ್ಲು ಕಟ್ಟಿ ಸುತ್ತಿಸಬೇಕು. ರಾತ್ರಿ ತಾತ ಕಣ ಕಾಯಲು ಹೋಗುವಾಗ ನಾನೂ ಹಠ ಮಾಡಿ ಹೋಗುತ್ತಿದ್ದೆ. ಹುಲ್ಲಿನಲ್ಲಿ ಗೂಡು ಮಾಡಿಕೊಂಡು, ತಾತನ ಕಂಬಳಿಯೊಳಗೆ ನುಗ್ಗಿ ಮಲಗುವುದು. ಮೂಗಿನ ತುದಿ ಮಾತ್ರ ತಣ್ಣಗಿರುತ್ತಿತ್ತು. ಮಾಗಿ ಚಳಿ ಅಂದರೆ ನನಗೆ ಇವತ್ತಿಗೂ ಆ ಹುಲ್ಲಿನ ವಾಸನೆಯೇ.

ಈ ಎಲ್ಲ ಕೆಲಸ ಮುಗಿದ ಮೇಲೆ ಸಂಕ್ರಾಂತಿ. ರಾಗಿ, ಭತ್ತ ಮನೆ ಸೇರಿರುತ್ತಿತ್ತು. ಆಲೆಮನೆಯಿಂದ ಹೊಸ ಬೆಲ್ಲ ಬಂದಿರುತ್ತಿತ್ತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರ ಮುಂದೆ ಕಿಚ್ಚು ಹಾಯಿಸುತ್ತಿದ್ದರು. ಹುಲ್ಲಿನ ಬೆಂಕಿ ಮೇಲೆ ಎತ್ತು ಹಾರಿದಾಗ ಇಡೀ ಊರು ಕೂಗುತ್ತಿತ್ತು. ಕೆಲಸ ಮುಗಿಸಿದ ಮೇಲೆ ಹಬ್ಬ ಅನ್ನುವ ಲೆಕ್ಕ ನನ್ನ ಮೈಯಲ್ಲೇ ಕೂತುಬಿಟ್ಟಿದೆ.

ಮಗಳ ಲೆಕ್ಕ ಬೇರೆ. ಅಲ್ಲಿ ಸ್ಕೂಲುಗಳಿಗೆ ಡಿಸೆಂಬರ್ ಕೊನೆಯಲ್ಲಿ ಸುಮಾರು ಎರಡು ವಾರ ರಜೆ. ಅವಳ ಆಫೀಸೂ ಆಗ ಹೆಚ್ಚುಕಮ್ಮಿ ಖಾಲಿ. ಉಳಿದ ದಿನಗಳಲ್ಲಿ ಒಟ್ಟಿಗೆ ರಜೆ ಸಿಗುವುದು ಕಷ್ಟ. ಎಲ್ಲರೂ ಅದೇ ಹೊತ್ತಿಗೆ ಹೊರಡುವುದರಿಂದ ಟಿಕೆಟ್ ಬೆಲೆ ವರ್ಷದಲ್ಲೇ ಜಾಸ್ತಿ. ಹೋಗುವುದಕ್ಕೆ, ಬರುವುದಕ್ಕೆ ಮೂರು ನಾಲ್ಕು ದಿನ ಹಾಳು. ಬೆಂಗಳೂರಿನಲ್ಲಿ ಇಳಿದ ಮೇಲೂ ಮೈಸೂರಿಗೆ ನಾಲ್ಕು ಗಂಟೆ ದಾರಿ. ಅಷ್ಟೆಲ್ಲ ಮಾಡಿಕೊಂಡು ಅವಳು ಬರುತ್ತಾಳೆ. ಡಿಸೆಂಬರ್ 20ರ ಹೊತ್ತಿಗೆ ಬಂದು ಜನವರಿ ಮೊದಲ ವಾರದಲ್ಲಿ ಹೊರಟುಬಿಡುತ್ತಾಳೆ.

ಖುಷಿ ಇಲ್ವಾ? ಇದೆ. ತುಂಬ ಇದೆ. ಅದನ್ನೇ ಮೊದಲು ಹೇಳುತ್ತೇನೆ.

ಬಂದ ಮೊದಲ ನಾಲ್ಕೈದು ದಿನ ಮೊಮ್ಮಗನಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಅವನ ಮೈಗೆ ಆಗ ಅಲ್ಲಿನ ಮಧ್ಯಾಹ್ನ. ಮಗಳು ಅಳಿಯ ಎದ್ದೇಳಲಾರದಷ್ಟು ಸುಸ್ತಾಗಿ ಮಲಗಿರುತ್ತಾರೆ. ನಾನು ಅವನನ್ನು ಅಡುಗೆಮನೆಗೆ ಕರೆದುಕೊಂಡು ಬರುತ್ತೇನೆ. ಕಟ್ಟೆ ಮೇಲೆ ಕೂರಿಸಿ, ಶಾಲು ಹೊದಿಸಿ, ಹಾಲು ಕಾಯಿಸುತ್ತೇನೆ. ಊರೆಲ್ಲ ಮಲಗಿರುವಾಗ ನಾವಿಬ್ಬರೇ ಮಾತಾಡುತ್ತಿರುತ್ತೇವೆ. ಹಗಲಲ್ಲಿ ಅವನನ್ನು ಎತ್ತಿಕೊಳ್ಳಲು ಹತ್ತು ಜನ ಕಾಯುತ್ತಾರೆ. ಆ ರಾತ್ರಿ ಹೊತ್ತು ಮಾತ್ರ ನನ್ನದು.

ಐದು ಗಂಟೆಗೆ ಬೀದಿ ಕೊನೆಯ ಗುಡಿಯಲ್ಲಿ ಹಾಡು ಕೇಳಿಸುತ್ತದೆ. ಅದು ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಶುರುವಾಗಿ ಸಂಕ್ರಾಂತಿಯವರೆಗೆ. ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಯಬೇಕು. ಈ ತಿಂಗಳಲ್ಲಿ ಒಂದು ದಿನ ಪೂಜೆ ಮಾಡಿದರೂ ಸಾವಿರ ವರ್ಷ ಮಾಡಿದ ಫಲ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಚಳಿಗೆ ಹೆದರಿ ದೊಡ್ಡವರೇ ಏಳುವುದಿಲ್ಲ. ನನ್ನ ಮೊಮ್ಮಗ ಮಾತ್ರ ರಾತ್ರಿ ಎರಡರಿಂದಲೇ ಎದ್ದು ಕೂತಿರುತ್ತಾನೆ! ಹೋದ ವರ್ಷ ಮಂಕಿ ಕ್ಯಾಪ್ ಹಾಕಿ, ಕೈ ಹಿಡಿದು ಗುಡಿಗೆ ಕರೆದುಕೊಂಡು ಹೋದೆ. ಮುತ್ತುಗದ ಎಲೆ ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಟ್ಟರು. ಹೆಸರುಬೇಳೆ, ತುಪ್ಪ, ಮೆಣಸು. ಮೆಣಸು ಖಾರ ಅಂದ. ಆದರೂ ಪೂರ್ತಿ ತಿಂದ. ಮಾರನೇ ದಿನ ತಾನೇ ಕ್ಯಾಪ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

ಆಮೇಲೆ ಅವರೆಕಾಯಿ. ಚಳಿ ಜೋರಾಗಿ, ಬೆಳಗಿನ ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ. ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಹತ್ತಿರ ನಿಂತರೆ ಸಾಕು, ಕೈಗೂ ಸೆರಗಿಗೂ ಆ ವಾಸನೆ ಅಂಟಿಕೊಳ್ಳುತ್ತದೆ. ಮಗಳಿಗೆ ಹಿದುಕಿದ ಬೇಳೆ ಸಾರು, ಮುದ್ದೆ ಆಗಬೇಕು. ರಾತ್ರಿ ಕಾಳು ನೆನೆಸಿಟ್ಟು, ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹಿದುಕುತ್ತೇವೆ. ಅಳಿಯನೂ ಕೂರುತ್ತಾನೆ. ಬೇಳೆ ಬೆರಳ ಸಂದಿನಿಂದ ಚಿಮ್ಮಿ ಸೋಫಾ ಕೆಳಗೆ ಹೋಗುತ್ತದೆ, ಮೊಮ್ಮಗ ಹುಡುಕಿ ತರುತ್ತಾನೆ. ಆ ಒಂದು ಗಂಟೆಯಲ್ಲಿ ಮಗಳು ಹೇಳುವ ವಿಷಯಗಳನ್ನು ವರ್ಷವಿಡೀ ಫೋನಿನಲ್ಲಿ ಹೇಳಿರುವುದಿಲ್ಲ. ಕೈಗೆ ಕೆಲಸ ಇದ್ದಾಗ ಮನಸ್ಸು ಬಿಚ್ಚಿಕೊಳ್ಳುತ್ತದೆ.

ಸೇಂಟ್ ಫಿಲೋಮಿನಾ ಚರ್ಚಿನ ಗಂಟೆ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆ ಇದೆ. 24ರ ಸಂಜೆ ಅಲ್ಲಿ ಗೋದಲಿ ನೋಡಲು ಊರೇ ಬರುತ್ತದೆ. ನಾವೂ ಹೋಗುತ್ತೇವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಕಟ್ಟಡ. ಜರ್ಮನಿಯ ಕಲೋನ್ ಊರಿನ ಚರ್ಚನ್ನು ನೋಡಿಕೊಂಡು ಮಾಡಿದ್ದು. ಜೋಡಿ ಗೋಪುರ 175 ಅಡಿ. ತಾತನ ಹೆಗಲ ಮೇಲೆ ಕೂತು ಮೊಮ್ಮಗ ತಲೆ ಎತ್ತಿ ನೋಡುತ್ತಿದ್ದ. ಆ ವಾರವೇ ಅರಮನೆಯಲ್ಲಿ ಮಾಗಿ ಉತ್ಸವ, ಹೂವಿನ ಪ್ರದರ್ಶನ. ಹೊರಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆದರೂ ಹೋದೆವು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಅವನು ಕೇಳಿದ: ‘ಅಜ್ಜಿ, ಇದೂ ಕ್ರಿಸ್ಮಸ್ ಲೈಟಾ?’ ಅವನ ಮನಸ್ಸಿನಲ್ಲಿ ಮೈಸೂರು ಅಂದರೆ ಡಿಸೆಂಬರ್. ಬೇರೆ ಮೈಸೂರನ್ನು ಅವನು ನೋಡಿಯೇ ಇಲ್ಲ.

ಆ ಮಾತು ನನ್ನೊಳಗೆ ಹಾಗೇ ಉಳಿಯಿತು.

ಯಾಕೆಂದರೆ ಅವನಿಗೆ ನಾನು ತೋರಿಸಬೇಕು ಅಂದುಕೊಂಡಿರುವುದೆಲ್ಲ ಅವನು ಹೋದ ಮೇಲೆ ಬರುತ್ತದೆ. ಧನುರ್ಮಾಸ ಪೂಜೆಗೆ ಒಳ್ಳೆಯದು, ಆದರೆ ಬೇರೆ ಶುಭಕಾರ್ಯಕ್ಕೆ ಆಗದು. ಶೂನ್ಯಮಾಸ ಅನ್ನುತ್ತಾರೆ. ಮದುವೆ, ಗೃಹಪ್ರವೇಶ, ನಾಮಕರಣ ಯಾವುದೂ ಇಲ್ಲ. ಮಕ್ಕಳು ಊರಿಗೆ ಬರುವ ತಿಂಗಳಲ್ಲೇ ಮನೆಯಲ್ಲಿ ಏನೂ ಮಾಡುವ ಹಾಗಿಲ್ಲ. ಮೊಮ್ಮಗನ ಮುಡಿಯನ್ನು ನಮ್ಮ ಮನೆದೇವರಿಗೆ ಕೊಡಬೇಕು ಅಂತ ಆಸೆ ಇತ್ತು. ಮನೆಯ ಹಿರಿಯರು ಬೇಡ ಅಂದರು. ಕೊನೆಗೆ ಅಮೆರಿಕದಲ್ಲೇ ಒಂದು ದೇವಸ್ಥಾನದಲ್ಲಿ ತೆಗೆಸಿದರು. ನಾನು ಫೋನಿನಲ್ಲಿ ನೋಡಿದೆ.

28ನೇ ತಾರೀಖಿನ ಹೊತ್ತಿಗೆ ಹಾಲ್‌ನಲ್ಲಿ ಸೂಟ್‌ಕೇಸು ಬಾಯಿ ತೆರೆದು ಕೂರುತ್ತದೆ. ಅಲ್ಲಿಂದ ಮುಂದೆ ನನಗೆ ಊಟ ರುಚಿಸುವುದಿಲ್ಲ. ಒಂದು ಪೆಟ್ಟಿಗೆಗೆ 23 ಕೆಜಿ. ಸಾರಿನ ಪುಡಿ, ಚಟ್ನಿಪುಡಿ, ರಾಗಿ ಹಿಟ್ಟು ಎಲ್ಲ ತೂಕ ಹಾಕಿ ಇಡುವುದು. ಜನವರಿ 1ಕ್ಕೆ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಲಕ್ಷಗಟ್ಟಲೆ ಲಾಡು ಹಂಚುತ್ತಾರೆ. ಎಲ್ಲರೂ ಹೊಸ ವರ್ಷ ಅಂತ ನಗುತ್ತಾ ಸಾಲಿನಲ್ಲಿ ನಿಂತಿರುತ್ತಾರೆ. ನಾನು ಇನ್ನು ಮೂರು ದಿನ, ಇನ್ನು ಎರಡು ದಿನ ಅಂತ ಎಣಿಸುತ್ತಿರುತ್ತೇನೆ.

ಅವರು ಹೋದ ಹತ್ತು ದಿನಕ್ಕೆ ಸಂಕ್ರಾಂತಿ. ನನ್ನ ಹಬ್ಬ.

ಮಗಳು ಎಂಟು ವರ್ಷದವಳಿದ್ದಾಗ ಹೊಸ ಲಂಗ ಹಾಕಿಕೊಂಡು, ತಟ್ಟೆ ಹಿಡಿದು, ನಮ್ಮ ಬೀದಿಯ 22 ಮನೆಗೆ ಎಳ್ಳು ಬೀರಿ ಬರುತ್ತಿದ್ದಳು. ಎಳ್ಳು, ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ. ಮೇಲೆ ಒಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು. ಸಂಜೆಗೆ ಅವಳ ತಟ್ಟೆ ಮತ್ತೆ ತುಂಬಿರುತ್ತಿತ್ತು. ಈಗ ನಾನೇ ಹೋಗುತ್ತೇನೆ. ‘ಮಗಳು ಇನ್ನೊಂದು ವಾರ ಇರಬಾರದಿತ್ತಾ?’ ಅಂತ ಪ್ರತಿ ಮನೆಯಲ್ಲೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. 22 ಸಲ ಉತ್ತರ ಹೇಳುವುದು ಕಷ್ಟ.

ಪಕ್ಕದ ಮನೆಯ ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಅವರು ಕ್ರೈಸ್ತರು. 25ರ ಬೆಳಿಗ್ಗೆ ಅವರ ಮನೆಯಿಂದ ಕಲ್‌ಕಲ್, ರೋಸ್ ಕುಕಿ, ಕೇಕು ಬರುತ್ತದೆ. 14ಕ್ಕೆ ಅದೇ ತಟ್ಟೆಯಲ್ಲಿ ನಮ್ಮ ಎಳ್ಳುಬೆಲ್ಲ ಹೋಗುತ್ತದೆ. ಅವರ ಮಗ ಗಲ್ಫ್‌ನಲ್ಲಿ ನರ್ಸ್. ಆಸ್ಪತ್ರೆಗೆ ರಜೆ ಇಲ್ಲವಲ್ಲ, ಅವನಿಗೆ ಕ್ರಿಸ್ಮಸ್‌ಗೆ ಬರಲು ಆಗುವುದೇ ಅಪರೂಪ. ಒಂದು ಸಲ ಅಕ್ಕ ಕಲ್‌ಕಲ್ ಕರಿಯುತ್ತಾ ಹೇಳಿದರು: ‘ನಿನ್ನ ಮಗಳು ನನ್ನ ಹಬ್ಬಕ್ಕೆ ಬರ್ತಾಳೆ ಕಣೆ. ನನ್ನ ಮಗ ಯಾವ ಹಬ್ಬಕ್ಕೂ ಬರಲ್ಲ.’ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರ ಜೊತೆ ಕೂತು ಹಿಟ್ಟು ಸುತ್ತಿಕೊಟ್ಟೆ. ಅಂದಿನಿಂದ ಅವರ ಮುಂದೆ ನಾನು ಸಂಕ್ರಾಂತಿ ವಿಷಯ ಎತ್ತಿ ಕೊರಗುವುದಿಲ್ಲ.

ಹೋದ ಡಿಸೆಂಬರ್‌ನಲ್ಲಿ ಮಗಳು ಒಂದು ಮಾತು ಕೇಳಿದಳು. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಸಂಕ್ರಾಂತಿ ದಿನ ಎಲಚಿ ಹಣ್ಣು ಎರೆಯುತ್ತಾರೆ. ಮಗುವನ್ನು ಮಣೆ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲಿಂದ ಸುರಿಯುವುದು. ಸುತ್ತ ನಿಂತ ಮಕ್ಕಳು ಆಯ್ದುಕೊಳ್ಳುತ್ತಾರೆ. ಐದು ವರ್ಷದೊಳಗೆ ಮಾಡಬೇಕು. ಅವನಿಗೆ ಆಗಲೇ ನಾಲ್ಕು ತುಂಬುತ್ತಾ ಬಂದಿತ್ತು. ‘ಅಮ್ಮ, ನಾವು ಇರುವಾಗಲೇ ಎರೆದುಬಿಡೋಣ. ಎಳ್ಳೂ ಬೀರೋಣ. ಯಾಕಾಗಬಾರದು?’

ಆಗಲ್ಲ ಅಂದೆ. ಸಂಕ್ರಾಂತಿ ಅಂದರೆ ಸೂರ್ಯ ಮಕರಕ್ಕೆ ಹೋಗುವ ದಿನ, ನಮ್ಮ ರಜೆಗೆ ತಕ್ಕಂತೆ ಸೂರ್ಯ ನಡೆಯುತ್ತಾನಾ ಅಂದೆ. ಅವಳು ನನ್ನ ಮುಖ ನೋಡಿದಳು. ‘ಅಮ್ಮ, ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21, 22ಕ್ಕೆ. ನೀನೇ ತಾನೇ ನಂಗೆ ಹೇಳಿಕೊಟ್ಟಿದ್ದು?’

ನಿಜ, ನಾನೇ ಹೇಳಿಕೊಟ್ಟಿದ್ದು. ಕ್ಲಾಸಿನಲ್ಲಿ ಬುಗುರಿ ತಿರುಗಿಸಿ ತೋರಿಸುತ್ತಿದ್ದೆ. ಭೂಮಿಯ ಅಕ್ಷವೂ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುತ್ತಾ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಕ್ಷತ್ರಗಳ ಲೆಕ್ಕದ ನಮ್ಮ ಮಕರ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬಿದ್ದಿದೆ. ಸುಮಾರು 1,700 ವರ್ಷದ ಹಿಂದೆ ಸೂರ್ಯ ಉತ್ತರಕ್ಕೆ ತಿರುಗುವುದೂ ಮಕರಕ್ಕೆ ಬರುವುದೂ ಒಂದೇ ಸಮಯಕ್ಕೆ ಆಗುತ್ತಿತ್ತು. ಈಗ ಮೂರು ವಾರಕ್ಕಿಂತ ಜಾಸ್ತಿ ಅಂತರ. ಎಷ್ಟು ಮಕ್ಕಳಿಗೆ ಇದನ್ನು ಹೇಳಿದ್ದೇನೆ! ಆದರೂ ಆ ದಿನ ನನ್ನ ಬಾಯಲ್ಲಿ ಬಂದದ್ದು ‘ಬೇಡ’ ಅನ್ನುವುದೇ. ಕಣ ತುಂಬಿ, ಕಿಚ್ಚು ಹಾಯಿಸಿ ಆಗುವ ಹಬ್ಬವನ್ನು ಯಾರದೋ ರಜೆಯೊಳಗೆ ತುರುಕಿದ ಹಾಗೆ ಅನ್ನಿಸಿತು. ಅವಳು ಮತ್ತೆ ಕೇಳಲಿಲ್ಲ.

ಅವರು ಹೋದರು. ಸಂಕ್ರಾಂತಿ ಬಂತು. ಸಂಜೆ ಎದುರು ಮನೆಯ ಮಗುವಿಗೆ ಎಲಚಿ ಹಣ್ಣು ಎರೆದರು. ನನ್ನನ್ನೂ ಕರೆದಿದ್ದರು, ಆರತಿ ಎತ್ತಿದೆ. ಕಾಸು, ಕಬ್ಬು, ಹಣ್ಣು ನೆಲದ ಮೇಲೆ ಉರುಳಿದವು. ಮಕ್ಕಳು ಬಿದ್ದು ಆಯ್ದುಕೊಂಡರು. ಒಂದು ಎಲಚಿ ಹಣ್ಣು ನನ್ನ ಕಾಲ ಹತ್ತಿರ ಬಂದು ನಿಂತಿತು. ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡೆ. ರಾತ್ರಿ ಮಗಳು ಫೋನ್ ಮಾಡಿದಾಗ ಅದನ್ನು ಮೊಮ್ಮಗನಿಗೆ ತೋರಿಸಿದೆ. ‘ಅದೇನು ಅಜ್ಜಿ? ಹುಳಿ ಇರುತ್ತಾ?’ ಅಂದ. ಹುಳಿಯೂ ಇರುತ್ತೆ ಸಿಹಿಯೂ ಇರುತ್ತೆ ಕಂದ ಅಂದೆ. ಅವನು ಕೈ ಚಾಚಿದ. ಫೋನು ಅಲುಗಾಡಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಒಬ್ಬಳೇ ಹಾಲು ಕಾಯಿಸಿಕೊಂಡು ಕುಡಿದೆ.

ಹಾಗಾಗಿ, ಖುಷಿ ಅಲ್ವಾ ಅಂತ ಕೇಳುವವರಿಗೆ ನಾನು ಹೇಳಬೇಕಾದ್ದು ಇಷ್ಟು. ಖುಷಿ ಹೌದು. ಆ ಖುಷಿ ಬರುವಾಗಲೇ ಹೋಗುವ ದಿನದ ಟಿಕೆಟ್ಟನ್ನೂ ತಂದಿರುತ್ತದೆ. ಎರಡನ್ನೂ ಬಿಡಿಸಿ ಬೇರೆಬೇರೆ ಇಡಲು ನನಗೆ ಬಂದಿಲ್ಲ.

ಈ ಸಲ ಅವರು ಬರುವುದು ಡಿಸೆಂಬರ್ 19ಕ್ಕೆ. ಹೊರಡುವುದು ಜನವರಿ 4ಕ್ಕೆ. ಮೊಮ್ಮಗನಿಗೆ ಫೆಬ್ರವರಿಯಲ್ಲಿ ಐದು ತುಂಬುತ್ತದೆ. ಹೋದ ವಾರ ಮಾರುಕಟ್ಟೆಯಲ್ಲಿ ಹಣ್ಣಿನವಳನ್ನು ಕೇಳಿದೆ. ‘ಎಲಚಿ ಹಣ್ಣು ಯಾವಾಗ ಬರುತ್ತಮ್ಮ?’ ‘ಕ್ರಿಸ್ಮಸ್ ಕಳೀಲಿ ಅಕ್ಕ, ಸ್ವಲ್ಪ ದೋರೆಗಾಯಿ ಇರುತ್ತೆ, ಪರವಾಗಿಲ್ವಾ?’ ಅಂದಳು. ಪರವಾಗಿಲ್ಲ, ಎರಡು ಕೆಜಿ ಎತ್ತಿಡು ಅಂದೆ.

ಮಗಳಿಗೆ ಇನ್ನೂ ಹೇಳಿಲ್ಲ. ಪಕ್ಕದ ಮನೆ ಅಕ್ಕನಿಗೆ ಮಾತ್ರ ಹೇಳಿದ್ದೇನೆ. ನಿನ್ನೆ ಅವರೂ ಬಂದು ಕೂತರು. ಇಬ್ಬರೂ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ತಾರಸಿಯಲ್ಲಿ ಬಟ್ಟೆ ಹಾಸಿ ಹರವಿದೆವು. ಮಾಗಿ ಬಿಸಿಲು, ಒಣಗಲು ದಿನ ಹಿಡಿಯುತ್ತದೆ. ಸಂಜೆ ನಾಲ್ಕಕ್ಕೆಲ್ಲ ನೆರಳು ಬರುತ್ತದೆ, ಅಷ್ಟರೊಳಗೆ ಎತ್ತಿಡಬೇಕು.